ಚೆನ್ನಯ ಪೂಜಾರಿಯ ಸೊಸೆ

ತಮ್ಮ ಎಂದು ಹೇಳುವುದೆಂದು ನಿನ್ನೆಯೇ ತೀರ್ಮಾನವಾಗಿತ್ತು. ಅಣ್ಣ ಎನ್ನಬಹುದಿತ್ತು, ಕೊರಗಪ್ಪ ಅವಳಿಗಿಂತ ನಾಲ್ಕೈದು ವರ್ಷಕ್ಕಾದರೂ ದೊಡ್ಡವನು, ಕಿವಿಯ ಪಕ್ಕದಲ್ಲಿ ಕೂದಲು ಬೆಳ್ಳಗಾಗಿದೆ, ಕೆಮ್ಮು ಹಿಡಿದ ಮೇಲಂತೂ ಬೇರೆ ಯಾರದೋ ಅಂಗಿ ತೊಟ್ಟು ಬಂದವನ ಹಾಗೆ ಕಾಣುತ್ತಾನೆ. ಆದರೆ ನಿನ್ನೆ ಸಂಜೆ ತನ್ನ ಮನೆಯಿರುವ ಚಾಳಿನ ಗ್ಯಾಲರಿಯಲ್ಲಿ ನಿಂತು ಮಾತಾಡುವಾಗ ವಿನೋದಿನಿಯ ಬಾಯಿಗೆ ಬಂದದ್ದು ತಮ್ಮ ಎಂದೇ. ದವಾಖಾನೆಯಲ್ಲಿ ನೀನು ನನ್ನ ತಮ್ಮ ಅಂತ ಹೇಳ್ತೇನೆ, ಅಪ್ಪನ ಹೆಸರು ಕೇಳಿದರೆ ದೂಮಪ್ಪ ಶೆಟ್ಟಿ ಅನ್ನು, ಉಳಿದದ್ದೆಲ್ಲ ನಾನು ನೋಡಿಕೊಳ್ತೇನೆ ಎಂದಿದ್ದಳು. ಕೊರಗಪ್ಪ ಪೂಜಾರಿ ತನ್ನದಲ್ಲದ ಅಪ್ಪನ, ತನಗಿಂತ ಮೇಲಿನ ಜಾತಿಯ ಹೆಸರನ್ನು ಎರಡು ಸಲ ಮೆಲ್ಲನೆ ಹೇಳಿಕೊಂಡು, ನೆನಪಿರ್ತದೆ ಅಮ್ಮ ಎಂದಿದ್ದ. ಈಗ ಬೊಂಬಾಯಿಯ ಮುಲುಂಡಿನಿಂದ ಹೊರಟ ಲೋಕಲು ರೈಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಸರಳು ಹಿಡಿದು ಕೂತಿರುವಾಗ ಆ ಒಂದು ಶಬ್ದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಅವಳನ್ನು ಕಾಡತೊಡಗಿತು. ಹೇಗೂ ಸುಳ್ಳೇ ಹೇಳುವುದು. ದೊಡ್ಡವನನ್ನು ಚಿಕ್ಕವನನ್ನಾಗಿ ಯಾಕೆ ಮಾಡಿದೆ? ಅಣ್ಣ ಎಂದರೆ ಬನ್ನಿ ಎನ್ನಬೇಕಾಗುತ್ತದೆ, ಕೂತುಕೊಳ್ಳಿ ಎನ್ನಬೇಕಾಗುತ್ತದೆ. ಮಹಿಳಾ ಮಂಡಳಿಯ ವಾರ್ಷಿಕೋತ್ಸವದಲ್ಲಿ ಎಲ್ಲರೂ ಸಮಾನರೆಂದು ಬರೆದು ಓದಿ ಚಪ್ಪಾಳೆ ಗಿಟ್ಟಿಸಿದ ನಾಲಗೆ, ಬಿ.ಎ. ಓದಿದ ನಾಲಗೆ, ಇಷ್ಟು ಚಿಕ್ಕ ಜಾಗದಲ್ಲಿ ಹೀಗೆ ಎಡವಿತಲ್ಲ ಎಂದು ಅವಳು ಹೊರಗೆ ನೋಡಿದಳು. ಭಾಂಡುಪಿನ ಕಾರ್ಖಾನೆಗಳ ಚಿಮಣಿಗಳು ಹಿಂದೆ ಸರಿಯುತ್ತಿದ್ದವು. ಮೇ ತಿಂಗಳ ಬಿಸಿಲು ಆಗಲೇ ತಗಡಿನ ಮಾಡುಗಳ ಮೇಲೆ ಕುಣಿಯುತ್ತಿತ್ತು.

ಪ್ರತಿ ಸ್ಟೇಷನ್ನಿನಲ್ಲಿ ಅವಳು ಕತ್ತು ಹೊರಗೆ ಹಾಕಿ ಪಕ್ಕದ ಗಂಡಸರ ಡಬ್ಬಿಯನ್ನು ನೋಡಿದಳು. ಅವನು ಬಾಗಿಲ ಬಳಿಯೇ ನಿಂತಿದ್ದ, ಬೇರೆಯವರ ಮುಖಕ್ಕೆ ಕೆಮ್ಮು ಹೋಗಬಾರದೆಂದು ಹೊರಕ್ಕೆ ಮುಖ ಮಾಡಿ. ಇಳಿದು ಓಡಿಹೋದಾನೇ ಎಂಬ ಭಯ ಅವಳಿಗೆ. ಓಡಿಹೋದರೆ ತನಗೊಂದು ಬಿಡುಗಡೆ ಎಂಬ ಆಸೆಯೂ ಅದರ ಅಡಿಯಲ್ಲಿ ಮಲಗಿತ್ತು. ಇವತ್ತು ಆಗದಿದ್ದರೆ ಮತ್ತೆ ಆಗುವುದಿಲ್ಲ. ಕೊರಗಪ್ಪ ಕೆಲಸಕ್ಕಿದ್ದ ಹೋಟೆಲಿನ ಇನ್ನೊಬ್ಬ ಕೆಲಸದವನು ಭಾನುವಾರ ಊರಿಗೆ ಹೊರಟಿದ್ದಾನೆ, ಅವನ ಜೊತೆ ಇವನನ್ನೂ ರೈಲು ಹತ್ತಿಸುವುದೆಂದು ಧಣಿಗಳು ಹೇಳಿಯಾಗಿತ್ತು. ಧಣಿಗಳು ಕೆಟ್ಟವರಲ್ಲ. ಹೋಟೆಲಿನಲ್ಲಿ ಕೆಮ್ಮುವವನನ್ನು ಇಟ್ಟುಕೊಳ್ಳುವುದು ಹೇಗೆ, ಗಿರಾಕಿಗಳು ಕಪ್ಪು ಎತ್ತುವ ಮೊದಲು ಬಡಿಸುವವನ ಎದೆ ನೋಡುತ್ತಾರೆ. ಹುಷಾರಿಲ್ಲದವನಿಗೆ ಊರಿನ ನೀರೇ ಮದ್ದು ಎಂದು ಹೋಟೆಲುಗಳಲ್ಲಿ ಎಲ್ಲರೂ ನಂಬಿದ್ದರು. ಹಾಗೆ ಮದ್ದಿಗೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಊರಿನಲ್ಲಿ ತಂಗಿಯ ಮಕ್ಕಳಿದ್ದಾರೆ ಅಮ್ಮ, ಸಣ್ಣ ಸಣ್ಣವು, ನನ್ನ ಚಾಪೆಯಲ್ಲೇ ಬಂದು ಮಲಗುವವು ಎಂದು ಅವನು ಗ್ಯಾಲರಿಯಲ್ಲಿ ನಿಂತು ಹೇಳಿದಾಗ ಅವಳಿಗೆ ಅವನ ಭಯ ಏನೆಂದು ತಿಳಿದಿತ್ತು. ಅದು ಸಾವಿನ ಭಯವಾಗಿರಲಿಲ್ಲ.

ಎಲ್ಲ ಬಾಗಿಲುಗಳನ್ನೂ ಅವನು ತಟ್ಟಿಯಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಶಾಲೆಯ ಕೋಣೆಯೊಂದರಲ್ಲಿ ಊರಿನವರ ಸಂಘ ನಡೆಸುವ ಧರ್ಮದ ದವಾಖಾನೆಯಲ್ಲಿ ಡಾಕ್ಟರು ಅವನ ಬೆನ್ನಿಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿ, ಇದು ನನ್ನ ಬಾಟಲಿಗೆ ಬಗ್ಗುವುದಲ್ಲ ಮಾರಾಯ ಎಂದಿದ್ದರು. ಗಿರಣಿಯ ಕೆಲಸಗಾರರಿಗೆ ಈಚೆಗೆ ಸರಕಾರದ ಕಾರ್ಡು ಬಂದಿದೆ, ಅವರಿಗೆ ಡಾಕ್ಟರು ಗೊತ್ತು ಮಾಡಿದ್ದಾರೆ, ಹೋಟೆಲಿನವರಿಗೆ ಅದಿಲ್ಲ. ಉಳಿದದ್ದು ಮುನಿಸಿಪಾಲಿಟಿಯ ಕ್ಷಯದ ದವಾಖಾನೆ. ಮುಲುಂಡು ಮುನಿಸಿಪಾಲಿಟಿಯೊಳಗೆ ಬಂದದ್ದೇ ಈ ವರ್ಷ, ಆದ್ದರಿಂದ ನಮಗೂ ಈಗ ಅಲ್ಲಿ ಹಕ್ಕುಂಟು ಎಂದು ಅವಳ ಗಂಡ ಮೋನಪ್ಪ ಪೇಪರು ಓದುತ್ತ ಹೇಳಿದ್ದ. ಆದರೆ ಕೊರಗಪ್ಪ ಅಲ್ಲಿ ಒಬ್ಬನೇ ಹೋದಾಗ ಮನೆ ಎಲ್ಲಿ ಎಂದು ಕೇಳಿದರಂತೆ. ಹೋಟೆಲು. ಮಲಗುವುದು? ಹೋಟೆಲಿನ ಮೇಜಿನ ಮೇಲೆ. ರೇಷನ್ ಕಾರ್ಡು? ಇಲ್ಲ. ಈ ಪಟ್ಟಣದಲ್ಲಿ ನಿನ್ನವರು ಯಾರು? ಹೋಟೆಲು ತೆರೆಯುವ ಮೊದಲು ಎದ್ದು, ಮುಚ್ಚಿದ ಮೇಲೆ ಮಲಗುವ ಮನುಷ್ಯನಿಗೆ ತನ್ನವರು ಯಾರೆಂದು ಯೋಚಿಸಲು ಅದೇ ಮೊದಲ ಸಲ ಪುರುಸೊತ್ತು ಸಿಕ್ಕಿತ್ತು. ಒಂದೂವರೆ ವರ್ಷ ತಪ್ಪದೆ ತೆಗೆದುಕೊಳ್ಳಬೇಕಾದ ಮದ್ದು ಇದು, ಮನೆಮಾರು ಇಲ್ಲದವರು ನಡುವೆ ಬಿಟ್ಟು ಹೋಗುತ್ತಾರೆ, ಆಮೇಲೆ ಮದ್ದೇ ಅವರಿಗೆ ತಾಗುವುದಿಲ್ಲ, ಮನೆಯವರನ್ನು ಕರೆದುಕೊಂಡು ಬಾ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು. ಅದು ದುಷ್ಟ ಮಾತಲ್ಲ. ವಿನೋದಿನಿ ಅದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ಬಯ್ಯಲು ಏನೂ ಸಿಕ್ಕಿರಲಿಲ್ಲ. ಬಯ್ಯಲು ಸಿಕ್ಕಿದ್ದರೆ ಬಯ್ದು ಸುಮ್ಮನಾಗಬಹುದಿತ್ತು.

ಸುಮ್ಮನಾಗಲು ಆಗದ ಇನ್ನೊಂದು ಕಾರಣ ಒಂದು ತೂಕುಪಾತ್ರೆ, ಊಟ ಒಯ್ಯುವ ಹಿಡಿಕೆಯ ಡಬ್ಬಿ. ಮೂರು ಮಳೆಗಾಲದ ಹಿಂದೆ ಹೊಟ್ಟೆಯಲ್ಲಿದ್ದದ್ದು ಉಳಿಯದೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ, ಮೋನಪ್ಪ ಪಟ್ಟಣದ ಕೋಟೆ ಭಾಗದ ಆಫೀಸಿಗೆ ಹೋದ ಮೇಲೆ, ದಿನವೂ ಬಾಗಿಲ ಚಿಲಕ ಮೆಲ್ಲನೆ ಸದ್ದಾಗುತ್ತಿತ್ತು. ಎದ್ದು ಹೋಗಿ ನೋಡಿದರೆ ಹೊಸ್ತಿಲ ಹೊರಗೆ ಮುಚ್ಚಳ ಹಾಕಿದ ತೂಕುಪಾತ್ರೆ, ಅದರೊಳಗೆ ಬಿಸಿ ಗಂಜಿ, ಎಲೆಯ ಚೂರಿನಲ್ಲಿ ಉಪ್ಪಿನಕಾಯಿ. ಗ್ಯಾಲರಿಯ ಕೊನೆಯಲ್ಲಿ ಒದ್ದೆ ಕೊಡೆ ಹಿಡಿದು ಕೊರಗಪ್ಪ, ಅವಳು ಪಾತ್ರೆ ಎತ್ತಿಕೊಳ್ಳುವವರೆಗೆ ನಿಂತು, ಆಮೇಲೆ ಮೆಟ್ಟಿಲಿಳಿದು ಹೋಗುತ್ತಿದ್ದ. ಯಾರು ಹೇಳಿದ್ದರು ಅವನಿಗೆ? ಯಾರೂ ಇಲ್ಲ. ಅವಳ ಅಜ್ಜಿಮನೆಯ ಪಕ್ಕದೂರಿನವನು ಎಂಬುದಷ್ಟೇ ಸಂಬಂಧ. ಆ ದಿನಗಳಲ್ಲಿ ಅವಳು ಒಮ್ಮೆಯೂ ಒಳಗೆ ಬಾ ಎನ್ನಲಿಲ್ಲ, ಅವನೂ ಹೊಸ್ತಿಲ ಹತ್ತಿರ ಬರಲಿಲ್ಲ. ಇಬ್ಬರೂ ನೂರಾರು ಮೈಲಿಯಾಚೆಯಿಂದ ಆ ಗೆರೆಯನ್ನು ಸುತ್ತಿ ಕಟ್ಟಿಕೊಂಡು ತಂದು ಮುಲುಂಡಿನ ಬಾಡಿಗೆ ಚಾಳಿನಲ್ಲಿ ಬಿಚ್ಚಿ ಹಾಸಿದ್ದರು.

ದವಾಖಾನೆಯ ಉದ್ದ ವರಾಂಡದಲ್ಲಿ ಫಿನೈಲಿನ ವಾಸನೆ, ಬೆಂಚುಗಳ ತುಂಬ ಜನ. ಕೊರಗಪ್ಪನಿಗೆ ಬಂದ ಕೂಡಲೇ ಕೆಮ್ಮು ಹತ್ತಿ ಅವನು ಕಂಬಕ್ಕೆ ಒರಗಿದ. ವಿನೋದಿನಿಗೆ ಮೊದಲು ನಾಚಿಕೆಯಾಯಿತು; ಆಮೇಲೆ ಇಲ್ಲಿ ಕೂತವರೆಲ್ಲ ಕೆಮ್ಮುವವರೇ ಎಂದು ನೆನಪಾಗಿ ತನ್ನ ನಾಚಿಕೆಯ ಬಗ್ಗೆ ನಾಚಿಕೆಯಾಯಿತು. ಒಂಬತ್ತು ಗಜದ ಸೀರೆಯುಟ್ಟ ಮರಾಠಿ ಮುದುಕಿಯೊಬ್ಬಳು, ಯಾರೂ ಕೇಳದೆ, ಕಿಟಕಿಯ ಕಡೆಯ ತನ್ನ ಜಾಗವನ್ನು ಬಿಟ್ಟು ಸರಿದು, ಇಲ್ಲಿ ಗಾಳಿ ಬರುತ್ತದೆ ಎಂದು ಅವನಿಗೆ ಕೈಯಿಂದ ಬೆಂಚು ಒರೆಸಿ ತೋರಿಸಿದಳು. ಅವನು ಕೂರಲು ಹಿಂಜರಿದಾಗ ತೋಳು ಹಿಡಿದು ಕೂರಿಸಿಯೇ ಬಿಟ್ಟಳು. ಅವಳ ಜಾತಿ ಯಾವುದು, ಇವನದು ಯಾವುದು, ಆ ಕೈಗೆ ಅದರ ಗೊಡವೆ ಇರಲಿಲ್ಲ. ವಿನೋದಿನಿ ಆ ಕೈಯನ್ನೇ ನೋಡುತ್ತಿದ್ದವಳು ಕಣ್ಣೆತ್ತಿದಾಗ ಎದುರಿನ ಬೆಂಚಿನ ಮೂಲೆಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತ ಹೆಂಗಸಿನ ತೊಡೆಯ ಮೇಲೆ ಒಂದು ನೀಲಿ ಕ್ರೋಶಾ ಚೀಲ ಕಂಡಿತು. ಮಂಡಳಿಯ ಕೈಕೆಲಸದ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದ ಚೀಲ. ಆ ಚೀಲ ಈ ಪಟ್ಟಣದಲ್ಲಿ ಒಂದೇ ಇತ್ತು, ಅದನ್ನು ಹೆಣೆದವರು ನೀಲಾವತಿಯಕ್ಕ.

ನೀಲಾವತಿಯಕ್ಕ ಮಂಡಳಿಯ ಕಾರ್ಯದರ್ಶಿ. ಹೊಸಬರು ಯಾರೇ ಬರಲಿ, ಅವರು ಚಪ್ಪಲಿ ಬಿಡುವ ಮೊದಲೇ ಯಾವ ಮನೆ, ಯಾರ ಸೊಸೆ, ಮಾವನ ಹೆಸರೇನು ಎಂದು ಕೇಳಿ ಮೂರು ತಲೆಮಾರು ಹಿಂದಕ್ಕೆ ಹೋಗಿ ಎಲ್ಲೋ ಒಂದು ಕಡೆ ಗಂಟು ಹಾಕಿ ನಗುವವರು. ವಿನೋದಿನಿಯ ಅಜ್ಜಿಮನೆ, ಅಲ್ಲಿಯ ಮಾವಂದಿರು, ಅವರಲ್ಲಿ ಯಾರು ಯಾರಿಗೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರು ಇಲ್ಲಿ ಯಾಕೆ? ಸೆರಗಿನ ಒಳಗಿನಿಂದ ಒಣ ಕೆಮ್ಮು ಕೇಳಿತು. ಕೇಳದ ಹಾಗೆ ನುಂಗಿದ ಕೆಮ್ಮು. ಜೊತೆಗೆ ಯಾರೂ ಇರಲಿಲ್ಲ. ಇಬ್ಬರ ಕಣ್ಣೂ ಒಮ್ಮೆ ಕೂಡಿ, ತಪ್ಪು ಮನೆಯ ಬಾಗಿಲು ತೆರೆದವರಂತೆ ಹಿಂದೆ ಸರಿದವು. ಮದುವೆಗೆ ಬೆಳೆದ ಇಬ್ಬರು ಹೆಣ್ಣುಮಕ್ಕಳಿರುವ ಮನೆಯಲ್ಲಿ ಈ ಕಾಯಿಲೆಯ ಹೆಸರು ಎಂಥದು ಎಂದು ವಿನೋದಿನಿಗೆ ಗೊತ್ತು. ತಾನು ನೋಡಿಲ್ಲ ಎಂಬಂತೆ ಗೋಡೆಯ ಮೇಲಿನ ಚಿತ್ರವನ್ನು, ಬಾಯಿಗೆ ಕರವಸ್ತ್ರ ಹಿಡಿದ ಮನುಷ್ಯನ ಚಿತ್ರವನ್ನು, ಓದುವವಳ ಹಾಗೆ ನೋಡುತ್ತ ಕೂತಳು. ಆದರೆ ಮನಸ್ಸು ಬೇರೆ ಕಡೆ ಓಡುತ್ತಿತ್ತು. ಇಷ್ಟರಲ್ಲಿ ಕರೆ ಬರುತ್ತದೆ. ತಾನು ಅವನನ್ನು ತಮ್ಮ ಎನ್ನುವುದು ಆ ಚೀಲದವರೆಗೆ ಕೇಳಿಸುತ್ತದೆ.

ಕಾರಕೂನ ದಪ್ಪ ಕನ್ನಡಕದ, ಸೋತ ಮುಖದ ಮನುಷ್ಯ. ತಲೆಯೆತ್ತದೆ ಮೊದಲು ಅವಳನ್ನು ಕೇಳಿದ. ಹೆಸರು, ಗಂಡನ ಹೆಸರು, ಮನೆ ಎಲ್ಲಿ, ಎಷ್ಟು ವರ್ಷದಿಂದ. ಅಪ್ಪನ ಹೆಸರು? ದೂಮಪ್ಪ ಶೆಟ್ಟಿ. ರೋಗಿ ಯಾರು? ಧಾಕಟಾ ಭಾವು ಎಂದಳು ಮರಾಠಿಯಲ್ಲಿ, ತಮ್ಮ. ಧ್ವನಿ ತಗ್ಗಿಸಿಯೇ ಹೇಳಿದಳು. ಆಗ ಅವನು ಕನ್ನಡಕದ ಮೇಲಿಂದ ಕೊರಗಪ್ಪನ ನರೆತ ಕಿವಿಯನ್ನು ನೋಡಿ, ಅವಳನ್ನು ನೋಡಿ, ಧಾಕಟಾ ಎಂದು ತನ್ನಷ್ಟಕ್ಕೇ ಹೇಳಿ ಬರೆದುಕೊಂಡ. ಆಮೇಲೆ, ನಾಳೆ ಏನಾದರೂ ಆದರೆ ಊರಿಗೆ ಯಾರ ಹೆಸರಿಗೆ ತಿಳಿಸಬೇಕೆಂದೋ ಏನೋ, ಕೊರಗಪ್ಪನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ: "ಘರ್ ಮೇ ಬಡಾ ಕೌನ್ ಹೈ?"

ಮನೆಗೆ ಹಿರಿಯರು ಯಾರು. ಅಪ್ಪನ ಹೆಸರು ಕೇಳಿದ್ದರೆ ಕೊರಗಪ್ಪ ಕಲಿತದ್ದನ್ನು ಒಪ್ಪಿಸುತ್ತಿದ್ದ. ಆದರೆ ಈ ಪ್ರಶ್ನೆಗೆ ಕರಾವಳಿಯ ಯಾವ ಮನುಷ್ಯನೂ ಯೋಚಿಸಿ ಉತ್ತರ ಹೇಳುವುದಿಲ್ಲ. ಅವನ ಬೆನ್ನು ನೆಟ್ಟಗಾಯಿತು. ಇಷ್ಟು ದಿನದಲ್ಲಿ ಮೊದಲ ಸಲ ಕೆಮ್ಮು ಅಡ್ಡ ಬರದೆ ಅವನ ಸ್ವರ ಹೊರಟಿತು.

"ಚೆನ್ನಯ ಪೂಜಾರಿ. ಮೇರಾ ಮಾಮಾ."

ಊರಿನ ಕಡೆ ಮನೆಯೆಂದರೆ ಅಮ್ಮನ ಮನೆ, ಹಿರಿಯನೆಂದರೆ ಅಮ್ಮನ ಅಣ್ಣ. ಅಪ್ಪ ಎಂಬವನು ತನ್ನ ಅಮ್ಮನ ಮನೆಗೆ ಸೇರಿದವನು, ಮಕ್ಕಳ ಪಾಲಿಗೆ ಪ್ರೀತಿಯ ನೆಂಟ. ಇದನ್ನು ಈ ಕಾರಕೂನನಿಗೆ ಹೇಗೆ ವಿವರಿಸುವುದು? ಹಿಂದೆ ಒಂದು ಸಲ ಅವಳಿಗೂ ಬಂದಿರಲಿಲ್ಲ. ಒಂಬತ್ತನೆಯ ವಯಸ್ಸಿಗೆ ಬೊಂಬಾಯಿಗೆ ಬಂದು ಶಾಲೆಗೆ ಸೇರಿದ ದಿನ ಮಾಸ್ತರರು ನೀನು ಯಾರ ಮನೆಯ ಹುಡುಗಿ ಎಂದು ಕೇಳಿದಾಗ ಅವಳು ಎದ್ದು ನಿಂತು ಮಾವನ ಹೆಸರನ್ನು ಇಡೀ ಹೇಳಿದ್ದಳು. ಹಾಗಾದರೆ ಅಪ್ಪ? ಅಪ್ಪ ಅವರ ಮನೆಯಲ್ಲಿದ್ದಾರೆ. ಹುಡುಗಿಯರು ಬೆಂಚಿನ ಮೇಲೆ ತಲೆಯಿಟ್ಟು ನಕ್ಕಿದ್ದರು, ಅಪ್ಪನಿಗೆ ಬೇರೆ ಮನೆಯಂತೆ ಎಂದು ವಾರಗಟ್ಟಲೆ ಹಿಂದೆ ಹಿಂದೆ ಬಂದಿದ್ದರು. ಅವತ್ತಿನಿಂದ ಅವಳು ಅಪ್ಪನ ಹೆಸರು ಹೇಳುವುದನ್ನು ಹೊಸ ಭಾಷೆಯೊಂದನ್ನು ಕಲಿತಂತೆ ಕಲಿತಳು, ಎಷ್ಟು ಚೆನ್ನಾಗಿ ಕಲಿತಳೆಂದರೆ ಇನ್ನೊಬ್ಬನಿಗೂ ಕಲಿಸುವಷ್ಟು. ಈಗ ಬೆನ್ನ ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕದ್ದು ಆ ಬೆಂಚಿನಿಂದಲೇ ಬಂದಂತೆ ಕೇಳಿಸಿತು.

ಕಾರಕೂನ ಪೆನ್ನು ಕೆಳಗಿಟ್ಟ. ಅಪ್ಪ ಶೆಟ್ಟಿ, ಮನೆಯ ಹಿರಿಯ ಪೂಜಾರಿ, ತಮ್ಮನಿಗೆ ಅಕ್ಕನಿಗಿಂತ ಹೆಚ್ಚು ವಯಸ್ಸು. ಅವನು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. ತಾಯೀ, ಇಲ್ಲಿ ದಿನಾ ಅಣ್ಣ ತಮ್ಮಂದಿರು ಬರುತ್ತಾರೆ, ಯಾರನ್ನೂ ವಾಪಸು ಕಳಿಸುವ ಆಸೆ ನನಗಿಲ್ಲ, ಆದರೆ ಅರ್ಧ ಮದ್ದು ತಿಂದು ಮಾಯವಾದವರ ಹೆಸರು ಹೊಡೆದು ಹಾಕುವವನೂ ನಾನೇ, ನಿಜ ಹೇಳಿ ಎಂದು ಸಮಾಧಾನದಿಂದ ಕೇಳಿದ. ವಿನೋದಿನಿಯ ಬಾಯಲ್ಲಿ ವಾಕ್ಯ ಸಿದ್ಧವಾಗಿತ್ತು: ಜ್ವರ ಬಂದು ತಲೆ ಸರಿಯಿಲ್ಲ ಅವನಿಗೆ, ಏನೋ ಹೇಳುತ್ತಾನೆ. ಅಷ್ಟು ಸಾಕಿತ್ತು. ಆ ಹೆಸರು ಅಳಿಸಿ ಹೋಗುತ್ತಿತ್ತು, ಕೆಲಸ ಆಗುತ್ತಿತ್ತು, ನೀಲಾವತಿಯಕ್ಕನ ಕಿವಿಗೂ ಅದೊಂದು ದಯೆಯ ಕತೆಯಾಗಿ ಬೀಳುತ್ತಿತ್ತು, ಯಾರೋ ಪೂಜಾರಿ ಹುಡುಗನಿಗಾಗಿ ವಿನೋದಿನಿ ಎಷ್ಟು ಮಾಡಿದಳು ನೋಡಿ ಎಂದು. ಅವಳು ಕೊರಗಪ್ಪನನ್ನು ನೋಡಿದಳು. ತಾನು ಏನು ಕೆಡಿಸಿದೆನೆಂದು ಅವನಿಗೆ ತಿಳಿದೇ ಇರಲಿಲ್ಲ. ಆ ಹೆಸರು ಹೇಳಿದ ಮೇಲೆ ಅವನ ಮುಖದಲ್ಲಿ ಏನೋ ತಿರುಗಿ ಬಂದಿತ್ತು. ಈ ಪಟ್ಟಣದಲ್ಲಿ ಅವನಿಗೆ ಒಂದು ಹೆಸರುಂಟು, ಆ ಹೆಸರಿನ ಹಿಂದೆ ಒಂದು ಮನೆಯುಂಟು ಎಂದು ಕೊನೆಗೂ ಯಾರೋ ಕೇಳಿದ್ದರು. ಆ ಮುಖದ ಎದುರಿನಲ್ಲಿ ಇವನಿಗೆ ತಲೆ ಸರಿಯಿಲ್ಲ ಎನ್ನಬೇಕು. ಬೆಂಚಿನ ಮೇಲೆ ತಲೆಯಿಟ್ಟು ನಗುವ ಹುಡುಗಿಯರ ಜೊತೆ ತಾನೂ ಕೂತು ನಗಬೇಕು.

"ಧಾಕಟಾ ನವ್ಹೆ," ಎಂದಳು. "ಮೋಠಾ ಭಾವು." ಸ್ವರ ಏರಿದ್ದು ಅವಳಿಗೇ ಕೇಳಿಸಿತು. ತಮ್ಮನಲ್ಲ, ನನ್ನ ಅಣ್ಣ. ನಾಚಿಕೆಯಿಂದ ತಪ್ಪು ಹೇಳಿದೆ. ನಮ್ಮ ಕಡೆ ಮಕ್ಕಳು ಸೇರುವುದು ಅಮ್ಮನ ಅಣ್ಣನ ಮನೆಗೆ. ಅಪ್ಪನ ಹೆಸರು ಈ ಪಟ್ಟಣದವರು ಕೇಳುತ್ತಾರೆಂದು ಹೇಳುತ್ತೇವೆ, ನಮ್ಮ ಹಿರಿಯ ಅವನು ಹೇಳಿದವರೇ. "ಚೆನ್ನಯ ಪೂಜಾರಿ ನನಗೂ ಮಾಮಾ. ನಾನು ಅವರ ಸೊಸೆ, ತಂಗಿಯ ಮಗಳು. ಬರೆದುಕೊಳ್ಳಿ."

ಊರಿನಲ್ಲಿ ಅವಳ ನಿಜವಾದ ಮಾವ, ಗದ್ದೆಯ ಅಂಚಿನಲ್ಲಿ ಎದುರಾದ ಪೂಜಾರಿಗಳು ಪಕ್ಕಕ್ಕಿಳಿದು ನಿಲ್ಲುವುದನ್ನು ಗಾಳಿ ಬೀಸುವಷ್ಟೇ ಸಹಜವೆಂದು ತಿಳಿದವರು, ಈ ಮಾತು ಕೇಳಿದರೆ ಅವಳ ಹೆಸರಿಗೆ ಎಳ್ಳುನೀರು ಬಿಡುತ್ತಿದ್ದರು. ಕೇಳುವುದಕ್ಕೆ ಎಷ್ಟು ಹೊತ್ತು, ಚೀಲ ಅಲ್ಲೇ ಕೂತಿದೆ. ಹೆದರಿಕೆಯಾಗಬೇಕಿತ್ತು. ಆದರೆ ಹೆದರಿಕೆಯಿದ್ದ ಜಾಗದಲ್ಲಿ ಅವಳಿಗೆ ಸಿಕ್ಕಿದ್ದು ಒಂಬತ್ತು ವರ್ಷದ ಹುಡುಗಿಯೊಬ್ಬಳು, ಎದ್ದು ನಿಂತು ಮಾವನ ಹೆಸರನ್ನು ಇಡೀ ಹೇಳುತ್ತಿದ್ದವಳು, ಇನ್ನೂ ಯಾರೂ ನಕ್ಕಿರದ ಕ್ಷಣದಲ್ಲಿ.

ಕಾರಕೂನ ತಲೆ ಕೆರೆದುಕೊಂಡ. ಮಾಮಾನ ಮನೆಗೆ ಮಕ್ಕಳೇ? ನೀವು ಮದ್ರಾಸಿಗಳದ್ದು ಒಂದೊಂದು ತಮಾಷೆ, ಯಾರನ್ನು ಕೇಳಲಿ ಇದು ಹೌದೋ ಅಲ್ಲವೋ ಎಂದು? ಆಗ ಹಿಂದಿನಿಂದ ಬಳೆಗಳ ಸದ್ದಾಯಿತು. ನೀಲಾವತಿಯಕ್ಕ ಎದ್ದು ಬಂದಿದ್ದರು. ಸೆರಗು ತಲೆಯಿಂದ ಜಾರಿತ್ತು, ಅಥವಾ ಅವರೇ ಜಾರಿಸಿದ್ದರು. ವಿನೋದಿನಿ ಕಣ್ಣು ಮುಚ್ಚಿದಳು. ಈ ಹೆಂಗಸಿಗೆ ಮೂರು ತಲೆಮಾರು ಗೊತ್ತು, ಒಂದು ಮಾತು ಸಾಕು.

"ಖರಂ ಆಹೆ," ಎಂದರು ನೀಲಾವತಿಯಕ್ಕ, ಮಂಡಳಿಯ ಸಭೆಯಲ್ಲಿ ಠರಾವು ಓದುವ ಅದೇ ಸ್ವರದಲ್ಲಿ. ನಿಜ ಇದು. ಆಮೇಲೆ ತಡೆಯಿಲ್ಲದ ಮರಾಠಿಯಲ್ಲಿ ಮುಂದುವರಿಸಿದರು. ತಾನೂ ಅದೇ ಊರಿನ ಕಡೆಯವಳು, ತನ್ನದೂ ಮಾವನ ಮನೆ, ಅಲ್ಲಿ ಹಾಗೆಯೇ. ಈ ಇಬ್ಬರನ್ನೂ ತಾನು ಬಲ್ಲೆ, ಅಣ್ಣ ತಂಗಿ. ಇವಳ ಮನೆ ಮುಲುಂಡಿನಲ್ಲಿ, ಗಂಡನಿಗೆ ಕೋಟೆಯಲ್ಲಿ ನೌಕರಿ, ಅಣ್ಣನನ್ನು ನಡುವೆ ಬಿಡುವ ಜನ ಅಲ್ಲ. ಹೇಳುವ ನೀವು ಯಾರು ಎಂದು ಕಾರಕೂನ ಕೇಳಿದ. ನೀಲಾವತಿಯಕ್ಕ ಮೇಜನ್ನು ನೋಡಿದರು. ಅವರ ಕೇಸ್‌ಪೇಪರು ಆ ಮೇಜಿನ ಮೇಲಿನ ರಾಶಿಯಲ್ಲೇ ಎಲ್ಲೋ ಮುಖ ಕೆಳಗಾಗಿ ಬಿದ್ದಿತ್ತು. ಆಮೇಲೆ ಅವರು ತಮ್ಮ ಹೆಸರು, ಗಂಡನ ಹೆಸರು, ಮನೆಯಿದ್ದ ಬೀದಿ, ಎಲ್ಲವನ್ನೂ ವರಾಂಡದ ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದರು. ಯಾರಿಗೂ ಕೇಳದಿರಲಿ ಎಂದು ಸೆರಗೆಳೆದು ಕೂತಿದ್ದ ಹೆಸರು ಅದು. ಕಾರಕೂನ ಪೆನ್ನು ಎತ್ತಿಕೊಂಡ. ಧಾಕಟಾ ಎಂಬುದನ್ನು ಹೊಡೆದು ಮೋಠಾ ಎಂದು ಬರೆದ.

ಮೊದಲ ಇಂಜೆಕ್ಷನ್ ಅವತ್ತೇ ಆಯಿತು. ಕೇರಳದ ಸಿಸ್ಟರೊಬ್ಬರು, ಚುಚ್ಚುವ ಮೊದಲು ಅವನ ತೋಳನ್ನು ಬೆಚ್ಚಗಾಗುವವರೆಗೆ ತಿಕ್ಕಿದವರು, ಅವನನ್ನು ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆ ವಿನೋದಿನಿಗೆ ಹೇಳಿಕೊಟ್ಟರು. ಗಾಳಿ ಬರುವ ಕಡೆ ಮಲಗಿಸಬೇಕು, ನಮ್ಮ ದವಾಖಾನೆಯವರು ಬಂದು ನೋಡುತ್ತಾರೆ. ಉಗುಳುವುದಕ್ಕೆ ಮುಚ್ಚಳದ ಡಬ್ಬಿ. ತಟ್ಟೆ ಲೋಟ ಬೇರೆ ಇಡಬೇಕು, ಕುದಿಸಿ ತೊಳೆಯಬೇಕು, ಬೇರೆಯವರು ಅದನ್ನು ಮುಟ್ಟಬಾರದು. ಲೋಟ ಬೇರೆ ಎಂದದ್ದೇ ವಿನೋದಿನಿಯೊಳಗೆ ಏನೋ ಹಗುರಾಯಿತು. ಬೆಳಗಿನಿಂದ ಅವಳು ಮನಸ್ಸಿನಲ್ಲಿ ಆ ಲೋಟದ ಜೊತೆ ಗುದ್ದಾಡುತ್ತಿದ್ದಳು, ಯಾವ ಲೋಟದಲ್ಲಿ ಅವನಿಗೆ ಚಹಾ ಕೊಡುವುದು, ಕೊಟ್ಟ ಮೇಲೆ ತೊಳೆದು ಎಲ್ಲಿಡುವುದು ಎಂದು. ಈಗ ಡಾಕ್ಟರೀ ಶಾಸ್ತ್ರವೇ ಬಂದು, ಊರಿನಲ್ಲಿ ಪೂಜಾರಿಗಳಿಗೆ ಬೇರೆ ಲೋಟ ಇಡುತ್ತಿದ್ದ ಅವಳ ಅಜ್ಜಿಯ ಪಕ್ಷ ಹಿಡಿದಿತ್ತು. ಹಗುರಾದದ್ದು ತಿಳಿದ ಮರುಗಳಿಗೆಯೇ ಅವಳ ಮುಖ ಬಿಸಿಯಾಯಿತು. ಇಷ್ಟು ಹೊತ್ತು ಎಷ್ಟು ಎತ್ತರದಲ್ಲಿ ನಿಂತಿದ್ದೆ, ಒಂದು ಲೋಟಕ್ಕೆ ಕಾಲು ಜಾರಿತಲ್ಲ. ಸಿಸ್ಟರು ಹಿಂದಿಯಲ್ಲಿ ಅದನ್ನೇ ಕೊರಗಪ್ಪನಿಗೂ ಹೇಳಿ, ಬೇಜಾರು ಮಾಡಿಕೊಳ್ಳಬೇಡ ಎಂದರು. ಅವನು ಅಂಗಿಯ ತೋಳು ಇಳಿಸುತ್ತ ವಿನೋದಿನಿಯ ಕಡೆ ನೋಡಿದ. "ಅದಕ್ಕೆಂತ ಬೇಜಾರು. ಬೇರೆ ಲೋಟ ನಮಗೆ ಅಭ್ಯಾಸ ಉಂಟು, ಅಲ್ವಾ ಅಮ್ಮ?" ಅವನ ಕಣ್ಣಿನಲ್ಲಿ ಕುಹಕವಿರಲಿಲ್ಲ, ನಗು ಮಾತ್ರ ಇತ್ತು. ಅವಳು ಆ ನಗುವನ್ನು ತಲೆತಗ್ಗಿಸದೆ ತೆಗೆದುಕೊಂಡಳು. ತೆಗೆದುಕೊಳ್ಳುವುದಷ್ಟೇ ಆಗ ಮಾಡಬಹುದಾದದ್ದು.

ಹೊರಗೆ ಬೇವಿನ ಮರದ ಕೆಳಗೆ ನೀಲಾವತಿಯಕ್ಕ ನಿಂತಿದ್ದರು. ನನ್ನನ್ನು ಇಲ್ಲಿ ನೋಡಿದ್ದು ಯಾರಿಗೂ ಹೇಳಬೇಡ ಎನ್ನುತ್ತಾರೆಂದು ವಿನೋದಿನಿ ಕಾದಳು. ನೀವು ಕೇಳಿದ್ದನ್ನು ಯಾರಿಗೂ ಹೇಳಬೇಡಿ ಎಂದು ತಾನೂ ಹೇಳಬೇಕೇನೋ. ಇಬ್ಬರೂ ಹೇಳಲಿಲ್ಲ. ನೀಲಾವತಿಯಕ್ಕ ಕೊರಗಪ್ಪನ ಕಡೆ ತಿರುಗಿ, ಹೊಸಬರನ್ನು ಕೇಳುವ ತಮ್ಮ ಮಾಮೂಲಿ ಧಾಟಿಯಲ್ಲಿ, ಚೆನ್ನಯ ಪೂಜಾರಿ ಅಂದರೆ ಕಟಪಾಡಿ ಕಡೆಯವರೋ ಎಂದು ಕೇಳಿದರು. ಹೌದೆಂದ. ಈಗಲೂ ಕಳ್ಳು ಇಳಿಸಲು ಮರ ಹತ್ತುತ್ತಾರಾ? ಈಗಲೂ. ಹಾಗಾದರೆ ಗೊತ್ತು ಬಿಡು, ನಮ್ಮ ಮನೆಗೆ ಬಂದಿರಲೇಬೇಕು ಎಂದು ಅವರು ತಲೆಯಾಡಿಸಿದ ರೀತಿ ಹೇಗಿತ್ತೆಂದರೆ, ಒಳಗೆ ತಾವು ಹೇಳಿದ ಸುಳ್ಳಿಗೆ ಹೊರಗೆ ಬಂದು ಗೋಡೆ ಎಬ್ಬಿಸಿ ಮಾಡು ಹಾಕುತ್ತಿದ್ದಂತಿತ್ತು. ಕೊರಗಪ್ಪ ಹಿಂಜರಿಯುತ್ತ ಹೇಳಿದ: "ನಾಳೆಯಿಂದ ನಂಗೆ ದಿನಾ ಬರ್ಲಿಕ್ಕುಂಟು. ಒಬ್ಬರೇ ಯಾಕೆ ಬರುವುದು ನೀವು, ಸ್ಟೇಷನ್ನಿನಲ್ಲಿ ನಿಂತಿರ್ತೇನೆ, ಒಟ್ಟಿಗೆ ಬರುವ." ನೀಲಾವತಿಯಕ್ಕ ಚೀಲವನ್ನು ಎದೆಗೆ ಒತ್ತಿ ಹಿಡಿದರು. ಮತ್ತೆ ಸೆರಗನ್ನು ತಲೆಗೆಳೆಯದೆ, "ಆಯ್ತು" ಎಂದರು.

ವಾಪಸು ಬರುವಾಗ ಲೋಕಲು ಖಾಲಿಯಿತ್ತು. ವಿನೋದಿನಿ ಹೆಂಗಸರ ಡಬ್ಬಿಗೆ ಹೋಗದೆ ಅವನ ಜೊತೆಗೇ ಹತ್ತಿ ಎದುರು ಬೆಂಚಿನಲ್ಲಿ ಕೂತಳು. ಕೊರಗಪ್ಪ ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ಏನೋ ಲೆಕ್ಕ ಹಾಕುತ್ತಿದ್ದವನಂತಿದ್ದ. ಕೊನೆಗೆ, ಒಂದು ವಿಷಯ ಉಂಟು ಅಮ್ಮ, ಮೊದಲೇ ಹೇಳಿಬಿಡಬೇಕು, ಆಮೇಲೆ ತಕರಾರು ಬೇಡ ಎಂದ. ನಮ್ಮ ಮಾವನಿಗೆ ಇರುವುದು ಗುಡ್ಡೆಯ ಬದಿಯಲ್ಲಿ ಒಂದು ಮನೆ, ಅದರ ಹಿಂದೆ ಒಂದು ತೆಂಗಿನ ಮರ. ಅದು ನನಗೆ ಬರುವುದಲ್ಲ. ಮನೆ ಹೋಗುವುದು ಹೆಣ್ಣುಮಕ್ಕಳ ಕಡೆಗೆ. ಇಷ್ಟು ದಿನ ತಂಗಿಗೆ ಎಂದಿತ್ತು. "ಈಗ ನೀವೂ ಸೊಸೆ ಅಂತ ಬರೆಸಿದ್ದೀರಿ. ಹಾಗಾಗಿ ಆ ಮರದಲ್ಲಿ ನಿಮ್ಮದು ಅರ್ಧ. ನಾನು ನಿಮ್ಮ ಮನೆಯಲ್ಲಿ ಬಂದಿರುವುದಲ್ಲ, ನೀವೇ ನಮ್ಮಲ್ಲಿಗೆ ಬಂದದ್ದು." ಅವಳು ನಕ್ಕಳು, ನಗುತ್ತ ನಗುತ್ತ ಕಣ್ಣು ಮಂಜಾಯಿತು. ಅರ್ಧವೆಂದರೆ ಮೇಲಿನ ಅರ್ಧವೋ ಕೆಳಗಿನ ಅರ್ಧವೋ ಎಂದು ಕೇಳಿದಳು. ಮೇಲಿನದು ನಿಮಗೆ, ಕಾಯಿ ಇರುವುದು ಅಲ್ಲಿ, ಆದರೆ ಹತ್ತಬೇಕಾದೀತು ಎಂದು ಅವನು ಗಂಭೀರವಾಗಿಯೇ ಹೇಳಿದ. ಅವಳಿಗೆ ಮನೆತನವೊಂದಿತ್ತು, ಚಾವಡಿಯಿತ್ತು, ಗದ್ದೆಗಳಲ್ಲಿ ಪಾಲಿತ್ತು. ಅದನ್ನೆಲ್ಲ ಹುಟ್ಟಿದ್ದಕ್ಕೆ ಪಡೆದಿದ್ದಳು. ಈ ಅರ್ಧ ಮರ ಮಾತ್ರ ಅವಳು ಬಾಯಿಬಿಟ್ಟು ಗಳಿಸಿದ್ದು.

ಸಂಜೆ ಮೋನಪ್ಪ ಬಂದು ಕೋಟು ಕಳಚಿ ಕೂತ ಮೇಲೆ ಅವಳು ಎಲ್ಲವನ್ನೂ ಹೇಳಿದಳು, ನೀಲಾವತಿಯಕ್ಕನನ್ನು ಬಿಟ್ಟು. ಅದು ಹೇಳುವುದಕ್ಕೆ ಅವಳದಾಗಿರಲಿಲ್ಲ. ನಮ್ಮ ಕಡೆಯವರು ಯಾರೋ ಒಬ್ಬರು ಹೌದೆಂದರು ಎಂದಷ್ಟೇ ಹೇಳಿದಳು. ಅವನು ಪೇಪರಿನ ಹಿಂದೆ ಇದ್ದ. ಓದುತ್ತಿಲ್ಲವೆಂದು ಅವಳಿಗೆ ತಿಳಿಯುತ್ತಿತ್ತು, ಹಾಳೆ ತಿರುಗಲಿಲ್ಲ. ಅವನ ಅಮ್ಮ ದೀಪಾವಳಿಗೆ ಬರುವವರಿದ್ದಾರೆ. ಪಕ್ಕದ ಕೋಣೆಯವರಿಗೆ ಗೋಡೆಯಾಚೆಯಿಂದ ಎಲ್ಲ ಕೇಳುತ್ತದೆ. ಒಂದೂವರೆ ವರ್ಷವೆಂದರೆ ಎರಡು ದೀಪಾವಳಿ ಬಂದುಹೋದೀತು.

"ಚೆನ್ನಯ ಪೂಜಾರಿಯ ಸೊಸೆ," ಎಂದ ಅವನು ಕೊನೆಗೆ, ಪೇಪರಿನ ಹಿಂದಿನಿಂದ.

"ಹೌದು," ಎಂದಳು. ಕೇಳಿದ್ದರೆ ಇನ್ನೊಂದು ಸಲ ಹೇಳುತ್ತಿದ್ದಳು.

ಮೋನಪ್ಪ ಪೇಪರು ಮಡಿಸಿದ. ಎದ್ದು ಹೋಗಿ ಕಿಟಕಿಯ ಮೂಲೆಯಲ್ಲಿ ಹಳೆಯ ಪೇಪರುಗಳ ಕಟ್ಟು, ಮುರಿದ ಕೊಡೆ, ಟ್ರಂಕು ಒಂದೊಂದನ್ನೇ ಎತ್ತಿ ಈಚೆ ಇಟ್ಟ. ಜಾಗ ಸಾಲದೆಂದು ತನ್ನ ಮಂಚದ ಕಾಲು ಹಿಡಿದು ಎಳೆದ. ನೆಲ ಕಿರುಗುಟ್ಟಿ ಪಕ್ಕದ ಕೋಣೆಯಲ್ಲಿ ಮಾತು ನಿಂತಿತು. ಧೂಳಿಗೆ ಒಂದು ಸೀನು ಸೀನಿ, ಅವಳ ಮುಖ ನೋಡದೆ, "ಭಾವನಿಗೆ ಗಾಳಿ ಬರುವ ಕಡೆಯೇ ಬೇಕಲ್ಲ ಮತ್ತೆ" ಎಂದ.

ಅವಳು ಒಲೆಯ ಮೇಲೆ ಕುದಿಯುತ್ತಿದ್ದ ನೀರಿನಿಂದ ತಟ್ಟೆಯನ್ನೂ ಲೋಟವನ್ನೂ ತೆಗೆದಳು. ಗುರುತು ಸಿಗಬೇಕೆಂದು ಲೋಟದ ಕುತ್ತಿಗೆಗೆ ಕೆಂಪು ನೂಲು ಕಟ್ಟಿದ್ದಳು. ಮನೆಯಲ್ಲಿದ್ದ ಲೋಟಗಳಲ್ಲಿ ಅದೇ ಚೆನ್ನಾದದ್ದು, ಮದುವೆಗೆ ಬಂದದ್ದು. ಬಡಿಸಿ ಆದ ಮೇಲೆ ಬಾಗಿಲಿಗೆ ಬಂದಳು. ಕೊರಗಪ್ಪ ಹೋಟೆಲಿನಿಂದ ತನ್ನ ಗಂಟು ತಂದು, ಆ ಮಳೆಗಾಲದಲ್ಲಿ ನಿಲ್ಲುತ್ತಿದ್ದಲ್ಲೇ, ಗ್ಯಾಲರಿಯ ಕೊನೆಯಲ್ಲಿ ನಿಂತಿದ್ದ. ಇಬ್ಬರ ನಡುವಿನ ಬಾಗಿಲುಗಳೆಲ್ಲ ಸೆಕೆಗೆ ತೆರೆದಿದ್ದವು. ಗುಜರಾತಿ ಮುದುಕ ಹುಕ್ಕಾ ಸೇದುತ್ತಿದ್ದ, ಕೊಂಕಣದ ಹೆಂಗಸು ಅಕ್ಕಿ ಆರಿಸುತ್ತಿದ್ದಳು, ಮೂರನೆಯ ಮನೆಯಲ್ಲಿ ಊರಿನವರೇ ಇದ್ದರು. ವಿನೋದಿನಿ ಹೊಸ್ತಿಲ ಮೇಲೆ ನೆಟ್ಟಗೆ ನಿಂತಳು.

"ಅಣ್ಣಾ," ಎಂದು ಕರೆದಳು, ಆ ಎಲ್ಲ ಬಾಗಿಲುಗಳಿಗೂ ಕೇಳುವಂತೆ. "ಬನ್ನಿ ಒಳಗೆ. ಊಟಕ್ಕೆ ಬಡಿಸಿದ್ದೇನೆ."

ಕೊರಗಪ್ಪ ಯಾರನ್ನು ಕರೆದದ್ದೆಂದು ಒಮ್ಮೆ ಹಿಂದೆ ತಿರುಗಿ ನೋಡಿದ.